ಶಂಖದ ಗುಟ್ಟಿನ ಮಾತು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ತಾಮ್ರಗಿರಿ ಎಂಬ ರಾಜ್ಯವಿತ್ತು. ಅದರ ಅರಮನೆಗೆ ಧೂಮಕನೆಂಬ ಮಾಂತ್ರಿಕ ಮಾಟ ಹಾಕಿದ್ದ. ಒಂದು ಕೋಣೆಯ ಮಾತು ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಓಡಿಹೋಗಿ ಹೇಳೋಣವೆಂದರೆ ಹೊಸ್ತಿಲಲ್ಲೇ ಮರೆತುಹೋಗುತ್ತಿತ್ತು.

ತಂತಿ ಎಳೆಯುವ ಕರಿಬೊಮ್ಮ ಮಾಟ ಮುರಿಯಲು ಹೋದ. ಸೋತ. ಹೆಬ್ಬಾಗಿಲಲ್ಲಿ ಕಲ್ಲಿನ ಸಿಂಹವಾದ. ಆ ಬೆಳಿಗ್ಗೆ ಅವನು ಹೆಂಡತಿ ದ್ಯಾವಕ್ಕನ ಮೇಲೆ ಮುನಿದು, ಉಣ್ಣದೆ ಎದ್ದುಹೋಗಿದ್ದ.

ದ್ಯಾವಕ್ಕ ತಾಮ್ರದ ತಂತಿಯ ಸುರುಳಿ ಹೆಗಲಿಗೇರಿಸಿ ಬಂದಳು. ಅಡುಗೆಮನೆ, ಕೊಳದ ಮಂಟಪ, ಹೆಬ್ಬಾಗಿಲು. ಸಂಜೆಯೊಳಗೆ ನಡುಮನೆಯ ಮಾತಿಗೆ ಈ ಮೂರೂ ಕಡೆಯಿಂದ ಉತ್ತರ ಬಂದರೆ ಗಂಡ ಬದುಕುತ್ತಾನೆ ಎಂದ ಧೂಮಕ. ಇಲ್ಲವಾದರೆ ಬಾಗಿಲಿಗೆ ಜೋಡಿ ಸಿಂಹ.

ಅರಮನೆಯಲ್ಲಿ ಹಿರಿಯರ ಕಾಲದ ಮಾತಿನ ಶಂಖವಿತ್ತು. ಅದಕ್ಕೆ ಮೂರು ಮರಿಶಂಖ. ದ್ಯಾವಕ್ಕ ಮೂರನ್ನೂ ಮೂರು ಕಡೆ ಇಟ್ಟು, ಮೊದಲು ದೊಡ್ಡ ಶಂಖದಿಂದ ಅಡುಗೆಮನೆಗೆ ತಂತಿ ಎಳೆದಳು. ಧೂಮಕ ಕಂಚಿನ ಹಲ್ಲಿನ ಇಲಿಯನ್ನು ಬಿಟ್ಟ. ತಂತಿ ತುಂಡಾಯಿತು. ಅವಳು ಹೊಸ ತಂತಿಯನ್ನು ಕಬ್ಬಿಣದ ಕೊಳವೆಯೊಳಗೆ ಹಾಯಿಸಿದಳು. ಇಲಿಯ ಹಲ್ಲು ಉದುರಿತು. ಅಡುಗೆಯವರು ಓಗೊಟ್ಟರು.

ಮಂಟಪ ನೀರಿನ ನಡುವೆ. ಅಲ್ಲಿ ಮಾಯಾಮೊಸಳೆ ತಂತಿಯನ್ನೇ ನುಂಗಿತು. ಶಂಖ ಗಾಳಿಯಲ್ಲೂ ಮಾತು ಕಳಿಸಬಲ್ಲದು, ತಂತಿ ಬೇಡ ಎಂದಳು ದ್ಯಾವಕ್ಕ. ಅರಸ ಮಾರ್ತಾಂಡ ಶಂಖದಲ್ಲಿ ಮಾತಾಡಿದ. ಉತ್ತರವಿಲ್ಲ. ನೋಡಿದರೆ, ಅವನು ಮಾತಾಡಿದ ಕೂಡಲೇ ಶಂಖವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ.

"ಹಿರಿಯರ ಶಂಖ. ಬಯಲಲ್ಲಿ ಇಡುವುದೇ?" ಎಂದ.

"ಪೂಜೆ ಆಮೇಲೆ ಮಾಡಿ, ಸ್ವಾಮಿ. ಈಗ ನಡುಮನೆಯಲ್ಲಿ ಎತ್ತರಕ್ಕಿಡಿ."

ಇಟ್ಟ. ಮಂಟಪದಿಂದ ರಾಣಿಯ ದನಿ ಬಂತು. ಮೂರು ವರ್ಷದಿಂದ ವೀಳ್ಯಕ್ಕೆ ಕಾಯುತ್ತಿದ್ದಾಳಂತೆ.

ಗಾಳಿಯ ಮಾತು ಧೂಮಕನಿಗೂ ಸಿಕ್ಕಿತು. ಅರಸನ ದನಿಯಲ್ಲಿ, ಪಾಯಸವನ್ನೆಲ್ಲ ಕೊಳಕ್ಕೆ ಸುರಿಯಿರಿ ಎಂದ. ಅಡುಗೆಯವರು ಸುರಿದೇಬಿಟ್ಟರು. ಗುಟ್ಟಿನ ಮಾತು ಹೇಳಿದವರಿಗೆ ಮಾತ್ರ ಶಂಖ ತೆರೆಯಬೇಕು ಎಂದಳು ದ್ಯಾವಕ್ಕ. ತನ್ನ ಹೆಸರೇ ಇರಲಿ ಎಂದ ಅರಸ.

"ನಿಮ್ಮ ಹೆಸರು ಎಮ್ಮೆ ಕಾಯುವವನಿಗೂ ಗೊತ್ತು, ಸ್ವಾಮಿ."

ಗಂಡ ಮನೆಯಲ್ಲಿ ಆಡಿದ ಕಡೆಯ ಮಾತನ್ನು ಅವಳು ಶಂಖದ ಕಿವಿಯಲ್ಲಿ ಉಸುರಿದಳು.

ಧೂಮಕ ಅರಸನ ಹೆಸರು ಹೇಳಿದ. ಶಂಖ ತೆರೆಯಲಿಲ್ಲ. ರಾಣಿಯ ಹೆಸರು ಹೇಳಿದ. ತೆರೆಯಲಿಲ್ಲ. ಮನೆದೇವರ ಹೆಸರು ಹೇಳಿದ. ಮೂರನೆಯ ತಪ್ಪಿಗೆ ಶಂಖ ಅವನ ದನಿಯನ್ನೇ ಎಳೆದುಕೊಂಡಿತು. ದನಿ ಹೋದ ಮೇಲೆ ಮಂತ್ರವೆಲ್ಲಿ? ಮೂಕ ಕಪ್ಪೆಯಾಗಿ ಕೊಳಕ್ಕೆ ಹಾರಿದ.

ಆದರೆ ಅವನು ಹಾಕಿದ ಮಾಟ ಇಳಿದಿರಲಿಲ್ಲ, ಹೆಬ್ಬಾಗಿಲಿನ ಉತ್ತರ ಬಾಕಿ. ಹೊತ್ತು ಮುಳುಗುತ್ತಿತ್ತು. ದ್ಯಾವಕ್ಕನ ಪಾದ ಆಗಲೇ ಕಲ್ಲಾಗುತ್ತಿತ್ತು. ಅವಳು ಶಂಖಕ್ಕೆ ಬಾಯಿಟ್ಟಳು.

"ಏನ್ರೀ, ಇದ್ದೀರಾ?"

ಹೆಬ್ಬಾಗಿಲಿನಿಂದ ಕಲ್ಲು ಕೆರೆದಂಥ ದನಿ.

"ಸಾರಿಗೆ ಉಪ್ಪು ಜಾಸ್ತಿ."

ಶಂಖ ತೆರೆಯಿತು. ಸಿಂಹ ಮೈಕೊಡವಿತು. ಕರಿಬೊಮ್ಮ ಎದ್ದು, ಹಸಿವು ಎಂದ.

ಅಂದಿನಿಂದ ಆ ಅರಮನೆಯಲ್ಲಿ ಅರಸನೂ ಮೊದಲು ಶಂಖಕ್ಕೆ ಸಾರಿನ ಮಾತು ಪಿಸುಗುಟ್ಟಿ, ಆಮೇಲೆ ಅಪ್ಪಣೆ ಕೊಡುತ್ತಾನೆ. ಎಲ್ಲರೂ ಸುಖವಾಗಿದ್ದಾರೆ. ಉಪ್ಪು ಸರಿಯಾಗೇ ಇತ್ತು ಎನ್ನುತ್ತಾಳೆ ದ್ಯಾವಕ್ಕ.