ಹೆಸರಿಲ್ಲದ ಸಿಪಾಯಿಯ ಕೋಟು

ನಾನು ಕುಡಿಯುವವನಲ್ಲ, ಸುಮ್ಮನೆ ಹೆದರುವವನೂ ಅಲ್ಲ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಗೋದಾಮಿನಲ್ಲಿ ಮ್ಯೂಸಿಯಂ ಸಾಮಾನು ಪ್ಯಾಕ್ ಮಾಡುವುದು ನನ್ನ ಕೆಲಸ. ಹೋದ ನವೆಂಬರಿನಲ್ಲಿ ಒಬ್ಬ ಸಿಪಾಯಿಯ ಹಳೇ ಕೋಟು ಬಂತು. 1745ರಲ್ಲಿ ಫಾಂಟನೊಯ್ ಎಂಬಲ್ಲಿ ಫ್ರೆಂಚರಿಗೂ ಇಂಗ್ಲಿಷರ ಮಿತ್ರಸೇನೆಗೂ ಯುದ್ಧವಾಗಿ ಒಂದೇ ದಿನ ಸಾವಿರಾರು ಜನ ಸತ್ತರಂತೆ. ಅವರಲ್ಲಿ ಇವನೂ ಒಬ್ಬ. ಹೆಸರು ಗೊತ್ತಿಲ್ಲ ಎಂದು ಚೀಟಿಯಲ್ಲಿತ್ತು.

ಪ್ಯಾಕ್ ಮಾಡುವ ಮೊದಲು ವಸ್ತುವಿನ ಸ್ಥಿತಿ ಬರೆದಿಡಬೇಕು. ಗ್ಲೌಸ್ ಹಾಕಿ ಎಡತೋಳು ಮುಟ್ಟಿದೆ. ಒದ್ದೆಯಾಗಿತ್ತು, ಕೆಸರಿನ ವಾಸನೆ ಬರುತ್ತಿತ್ತು. ಹಾಗೆಂದು ಹೇಳಿದೆ.

"ಒಣಗೇ ಐತಲ್ಲಣ್ಣಾ," ಎಂದ ಜೊತೆಗಿದ್ದ ಬಾಗಲಕೋಟೆಯ ಪರಸಪ್ಪ, ತಾನೂ ಮುಟ್ಟಿ ನೋಡಿ. ನನ್ನ ಗ್ಲೌಸಿನಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.

ಅಮ್ಮ ತೀರಿಕೊಂಡು ಆಗ ಇಪ್ಪತ್ತು ದಿನ. ನನ್ನ ಪಾಸ್‌ಪೋರ್ಟ್ ವೀಸಾ ನವೀಕರಣಕ್ಕೆಂದು ಕಂಪನಿಯವರ ಕೈಯಲ್ಲಿದ್ದುದರಿಂದ, ಒಂದು ಹಿಡಿ ಮಣ್ಣು ಹಾಕಲೂ ಊರಿಗೆ ಹೋಗಲಾಗಿರಲಿಲ್ಲ. ಸತ್ತವರಿಗಾಗಿ ನಾವು ಕ್ರೈಸ್ತರು ಹೇಳುವ ಪ್ರಾರ್ಥನೆಯಲ್ಲಿ ಅರ್ಧ ಒಬ್ಬರದು, ಉಳಿದರ್ಧ ಸುತ್ತ ನಿಂತವರದು. ರೂಮಿನಲ್ಲಿ ಎರಡನ್ನೂ ನಾನೇ ಹೇಳಿಕೊಂಡಿದ್ದೆ. ಈಗ ಆ ಕೋಟಿನ ಮುಂದೆ, ಅಭ್ಯಾಸಬಲದಿಂದ, ಮೊದಲರ್ಧ ಬಾಯಿಗೆ ಬಂತು.

ಉಳಿದರ್ಧ ನಾನು ಹೇಳಲಿಲ್ಲ. ನೂರಾರು ಗಂಡಸರು, ತಗ್ಗಿದ ದನಿಯಲ್ಲಿ, ನಮ್ಮ ಕೊಂಕಣಿಯಲ್ಲೇ ಹೇಳಿದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ.

ಸಂಜೆ ಬಸ್ಸಿನಲ್ಲಿ ಪರಸಪ್ಪ ಮೆಲ್ಲಗೆ ಕೇಳಿದ. "ವಿಲ್ಸನ್ ಅಣ್ಣಾ, ನನಗ ನಿಮ್ಮ ಭಾಷಾ ತಿಳಿಯಂಗಿಲ್ಲ. ನೀವು ಕಿವಿ ಮುಚ್ಕೊಂಡ ಮ್ಯಾಲ ಎಲ್ಲಾರೂ ಸೆರಾಫಿನ್, ಸೆರಾಫಿನ್ ಅಂದ್ರಲ್ಲ, ಅದು ಯಾರ ಹೆಸರು?"

ಅಮ್ಮನ ಹೆಸರನ್ನು ನಾನು ಈ ದೇಶದಲ್ಲಿ ಯಾರಿಗೂ ಹೇಳಿದವನಲ್ಲ.