ಡ್ರಾಯರಿನಲ್ಲಿ ಹನ್ನೊಂದು ದಿನ

ಅವಳು ಮೊದಲ ಸಲ ನಮ್ಮ ಟ್ರಾವೆಲ್ ಆಫೀಸಿಗೆ ಬಂದಾಗ ನಾನು ಅವಳ ಕೈಗೆ ಸಮುದ್ರದ ಫೋಟೋ ಕೊಟ್ಟೆ.

ತಪ್ಪು ನನ್ನದೇ. ಅವಳು ದೇಶದ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಅದೇ ತರಹ ಕೇಳಿಸುವ ಹೆಸರಿನ ದ್ವೀಪವೊಂದಿದೆ, ಹೊಸದಾಗಿ ಮದುವೆಯಾದವರು ಹೋಗುವ ಜಾಗ. ನಾನು ಹಲ್ಲು ಕಿರಿಯುತ್ತ ಬ್ರೋಷರ್ ಮುಂದಿಟ್ಟು, "ಇಬ್ಬರಿಗಾ ಮೇಡಂ? ಕಪಲ್ ಪ್ಯಾಕೇಜ್ ಚೆನ್ನಾಗಿದೆ" ಎಂದೆ.

ಅವಳು ಬ್ರೋಷರನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು.

"ನಂಗೆ ಸಮುದ್ರ ಬೇಡ. ನಮ್ಮಕ್ಕ ಬೇಕು."

ಆಮೇಲೆ ದೇಶದ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ನಾನು ಬ್ರೋಷರನ್ನು ಮೆಲ್ಲಗೆ ನನ್ನ ಕಡೆ ಎಳೆದುಕೊಂಡೆ. ಟಿವಿಯಲ್ಲಿ ಆ ಹೆಸರು ಬಂದಾಗಲೆಲ್ಲ ವರದಿಗಾರನ ಬೆನ್ನ ಹಿಂದೆ ಹೊಗೆ ಏಳುತ್ತಿರುತ್ತಿತ್ತು. ಅಲ್ಲಿಗೆ ವಾರಕ್ಕೆ ಎರಡೇ ವಿಮಾನ. ನಮ್ಮಲ್ಲಿ ಆ ಟಿಕೆಟ್ ಕೇಳಿದವರು ಮೂರು ವರ್ಷದಿಂದ ಯಾರೂ ಇರಲಿಲ್ಲ.

"ಅಲ್ಲಿ ನಿಮ್ಮಕ್ಕ ಏನ್ಮಾಡ್ತಾರೆ?"

"ಹೆರಿಗೆ ಆಸ್ಪತ್ರೆಲಿ ನರ್ಸ್. ಎರಡು ವರ್ಷಕ್ಕೆ ಅಂತ ಹೋದ್ಲು, ಐದಾಯ್ತು. ಬಾರೇ ಅಂದ್ರೆ, 'ನಾನು ಬಂದ್ರೆ ಇಲ್ಲಿ ಮಕ್ಕಳು ಹುಟ್ಟೋದು ನಿಲ್ಲಿಸ್ತಾವಾ' ಅಂತಾಳೆ. ಅದಕ್ಕೆ ನಾನೇ ಹೊರಟೆ. ಹತ್ತೇ ದಿನ."

ಆಫೀಸು ನಮ್ಮ ದೊಡ್ಡಪ್ಪನದು. ಹಿಂದಿನ ಮೇಜಿನಲ್ಲಿ ಪೇಪರ್ ಓದುತ್ತಿದ್ದವರು ತಲೆ ಎತ್ತದೆಯೇ, "ಹುಲಿ ಬಾಯಿಗೆ ಹತ್ತು ದಿನದ ಪ್ಯಾಕೇಜ್ ನಮ್ಮಲ್ಲಿಲ್ಲಮ್ಮ" ಎಂದರು.

ಅವಳು ನಕ್ಕುಬಿಟ್ಟಳು. ಕಣ್ಣಲ್ಲಿ ನೀರಿಟ್ಟುಕೊಂಡೇ ಬಂದವಳು ಹಾಗೆ ನಕ್ಕಿದ್ದನ್ನು ನೋಡಿ ನನ್ನ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಅವಳ ಕೆಲಸ ಎರಡು ಕಟ್ಟಡದ ಆಚೆಗಿದ್ದ ದಂತ ಲ್ಯಾಬಿನಲ್ಲಿ. ಮೇಣದಲ್ಲಿ ಹಲ್ಲು ಕೊರೆದು, ಬಣ್ಣ ಹೊಂದಿಸಿ, ಹಲ್ಲು ಕಳೆದುಕೊಂಡವರಿಗೆ ಹಲ್ಲಿನ ಸೆಟ್ಟು ಮಾಡುವವಳು. ಊಟದ ಬಿಡುವಿನಲ್ಲಿ ಎರಡು ದಿನಕ್ಕೊಮ್ಮೆ ಒಂದೊಂದು ಕಾಗದ ಹಿಡಿದು ಬರುತ್ತಿದ್ದಳು. ಆ ದೇಶದವರಿಗೆ ಬೇಕಾದ ಕಾಗದಗಳು ಒಂದೇ ಎರಡೇ! ಆರೋಗ್ಯದ ಸರ್ಟಿಫಿಕೇಟ್, ಇನ್ಶೂರೆನ್ಸ್, ಎಲ್ಲಕ್ಕಿಂತ ಮುಖ್ಯವಾಗಿ ಅಕ್ಕನ ಆಸ್ಪತ್ರೆಯಿಂದ ಮೊಹರು ಹಾಕಿದ ಆಹ್ವಾನ ಪತ್ರ.

ನಾನು ಫಾರ್ಮ್ ತುಂಬುವಾಗ ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಮೊದಲ ದಿನ ನನಗೆ ಬೆವರು ಬಂತು. ಎರಡನೇ ದಿನ ಹೊಸ ಶರ್ಟು ಹಾಕಿಕೊಂಡು ಬಂದೆ. ಮೂರನೇ ದಿನ ಧೈರ್ಯ ಮಾಡಿ, "ಏನು ನೋಡ್ತಿದೀರ?" ಎಂದು ಕೇಳಿದೆ.

"ನಿಮ್ಮ ಎಡಗಡೆ ಕೋರೆಹಲ್ಲು. ಸ್ವಲ್ಪ ತಿರುಗಿಕೊಂಡಿದೆ."

"ಓ... ಅಷ್ಟೇನಾ."

"ಮತ್ತಿನ್ನೇನು ಅಂದ್ಕೊಂಡ್ರಿ?" ಎಂದವಳು ಒಂದು ಗಳಿಗೆ ಬಿಟ್ಟು ತಾನೇ ಕೆಂಪಾದಳು. ಪಾಸ್‌ಪೋರ್ಟ್ ಫೋಟೋಗಳನ್ನು ಸುಮ್ಮನೆ ಎಣಿಸತೊಡಗಿದಳು. ಇದ್ದದ್ದು ಎರಡೇ ಫೋಟೋ. ನಾಲ್ಕು ಸಲ ಎಣಿಸಿದಳು.

ಒಂದು ಮಧ್ಯಾಹ್ನ ಅಕ್ಕನ ವಿಡಿಯೋ ಕಾಲ್ ನಮ್ಮ ಕೌಂಟರಿನಲ್ಲೇ ಬಂತು. ದಣಿದ ಮುಖ, ಕಿವಿಯ ಹಿಂದೆ ಸಿಕ್ಕಿಸಿದ ಪೆನ್ಸಿಲ್.

"ಏನೇ ಮಿಡತೆ, ಇವರೇನಾ ಸಮುದ್ರದವರು?"

ಮಿಡತೆ ಅಂದರೆ ಇವಳು. ಚಿಕ್ಕವಳಿದ್ದಾಗ ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ. ಅಮ್ಮ ಹೋದಾಗ ಇವಳಿಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ತಲೆ ಬಾಚಿದ್ದು, ಸ್ಕೂಲಿಗೆ ಕಳಿಸಿದ್ದು, ಜ್ವರ ಬಂದಾಗ ಪಕ್ಕ ಕೂತಿದ್ದು ಎಲ್ಲ ಅಕ್ಕನೇ. "ಅವಳು ಅಕ್ಕ ಅಲ್ಲ, ಮುಕ್ಕಾಲು ಅಮ್ಮ" ಎನ್ನುತ್ತಿದ್ದಳು.

ಅಕ್ಕ ಫೋನನ್ನು ನನ್ನ ಕೈಗೆ ಕೊಡಿಸಿದರು. "ನೋಡಿ, ಬರಬೇಡ ಅಂತ ಇವಳಿಗೆ ಐದು ವರ್ಷದಿಂದ ನಾನೇ ಹೇಳ್ತಾ ಬಂದೆ. ಈಗ ಬಾಯಿ ಬರ್ತಿಲ್ಲ. ನಂಗೂ ನೋಡ್ಬೇಕು ಅನ್ನಿಸಿಬಿಟ್ಟಿದೆ ರೀ. ಈ ತಿಂಗಳು ಇಲ್ಲಿ ತಣ್ಣಗಿದೆ. ಪತ್ರ ಕಳಿಸಿದೀನಿ, ಬೇಗ ಒಂದು ದಾರಿ ಮಾಡಿ."

"ಖಂಡಿತ ಅಕ್ಕ," ಎಂದೆ. ನನ್ನ ಬಾಯಿಂದ ಅಕ್ಕ ಎಂದು ಬಂದದ್ದಕ್ಕೆ ಇವಳು ಬೇರೆ ಕಡೆ ತಿರುಗಿ ನಕ್ಕಳು.

ಆಹ್ವಾನ ಪತ್ರ ಒಂದು ಸೋಮವಾರ ಬಂತು. ಎಲ್ಲ ಕಾಗದಗಳನ್ನೂ ಒಂದು ಲಕೋಟೆಗೆ ಹಾಕಿ ಅವತ್ತು ಸಂಜೆಯೇ ನಾನು ಎಂಬಸಿಗೆ ಕೊರಿಯರ್ ಮಾಡಬೇಕಿತ್ತು. ಅವತ್ತೇ ಬೆಳಗ್ಗೆ ಆ ದೇಶದ ವಿಮಾನ ನಿಲ್ದಾಣದ ರಸ್ತೆಯಲ್ಲಿ ಒಂದು ವ್ಯಾನು ಸುಟ್ಟು ಹೋಗಿತ್ತು. ಒಳಗಿದ್ದವರ ಸುದ್ದಿ ಟಿವಿಯಲ್ಲಿ ಮೂರು ಸಲ ಬಂತು.

ಒಂದು ದಿನ ನೋಡೋಣ ಎಂದುಕೊಂಡು ಲಕೋಟೆಯನ್ನು ಡ್ರಾಯರಿಗೆ ಹಾಕಿದೆ.

ಮರುದಿನ ಅವಳು ಬಂದು, "ಕಳಿಸಿದ್ರಾ?" ಎಂದಳು.

"ಹೂಂ," ಎಂದೆ.

ಆ ಒಂದು 'ಹೂಂ' ಆದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು. "ಎಂಬಸಿಯವರು ಆಮೆ ಜಾತಿ," ಎಂದೆ. "ಅವರಿಗೂ ರಜೆ ಇರತ್ತಲ್ಲ," ಎಂದೆ. ಅವಳು ನಂಬಿದಳು. ಕಾಗದ ಕೊಡುವ ಕೆಲಸ ಮುಗಿದಿದ್ದರೂ ಬರುವುದು ನಿಲ್ಲಲಿಲ್ಲ, ಈಗ ದಿನಾ ಬರತೊಡಗಿದಳು. ಆಫೀಸು ಮುಚ್ಚಿದ ಮೇಲೆ ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆಯುತ್ತಿದ್ದೆವು. ಅವಳ ಬಸ್ಸು ಬಂದರೆ, "ಇದು ರಶ್ ಇದೆ," ಎನ್ನುತ್ತಿದ್ದಳು. ಖಾಲಿ ಬಸ್ಸು ಬಂದರೂ ಹಾಗೇ ಎನ್ನುತ್ತಿದ್ದಳು.

ಒಂದು ಸಂಜೆ ಲ್ಯಾಬಿಗೆ ಕರೆದೊಯ್ದು ತನ್ನ ಬೆಂಚು ತೋರಿಸಿದಳು. ಸಣ್ಣ ದೀಪ, ಉಗುರಿನಷ್ಟು ಚಿಕ್ಕ ಚಾಕುಗಳು, ಸಾಲಾಗಿ ಕೂತ ಹಲ್ಲುಗಳು. ಮೇಣದ ಪುಡಿಯನ್ನು ಊದುತ್ತ, ನನ್ನನ್ನು ನೋಡದೆ, "ನೀನು ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋಬೇಡ," ಎಂದಳು.

'ನೀವು' ಎಂಬುದು ಯಾವಾಗ ಜಾರಿ ಹೋಯಿತೋ ಇಬ್ಬರಿಗೂ ತಿಳಿದಿರಲಿಲ್ಲ. ನನ್ನ ಬದುಕಿನ ಅತಿ ಚೆಂದದ ದಿನಗಳು ಅವು. ಲಕೋಟೆ ಆಗ ಡ್ರಾಯರಿನಲ್ಲೇ ಇತ್ತು.

ಹನ್ನೊಂದನೇ ದಿನ ಸ್ಟೇಪ್ಲರ್ ಹುಡುಕುತ್ತ ದೊಡ್ಡಪ್ಪ ಆ ಡ್ರಾಯರು ಎಳೆದರು. ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಇನ್ನೂ ಯಾಕೋ ಇಲ್ಲಿದೆ?"

"ಅಲ್ಲಿ ಗಲಾಟೆ ದೊಡ್ಡಪ್ಪ."

"ಗಲಾಟೆ ಅಲ್ಲಿದೆಯೋ, ನಿನ್ನ ಎದೇಲಿದೆಯೋ?" ಅವರು ಲಕೋಟೆಯನ್ನು ನನ್ನ ಮುಂದೆ ಬಡಿದರು. "ಹೋಗೋದು ಬಿಡೋದು ಆ ಹುಡುಗಿಗೆ ಬಿಟ್ಟಿದ್ದು. ನಾವು ದಾರಿ ತೋರಿಸೋರು ಕಣೋ, ದಾರಿಗೆ ಅಡ್ಡ ಮಲಗೋರಲ್ಲ."

ನಾಚಿಕೆಯಿಂದ ನಾನೇ ಓಡಿಹೋಗಿ ಕೊರಿಯರ್ ಮಾಡಿ ಬಂದೆ. ವೀಸಾ ವಾರದೊಳಗೆ ಬಂತು, ಆಮೆ ಅವರಾಗಿರಲಿಲ್ಲ. ಹತ್ತೊಂಬತ್ತನೇ ತಾರೀಖಿಗೆ ಟಿಕೆಟ್ ಮಾಡಿದೆ.

ಹತ್ತೊಂಬತ್ತರ ಬೆಳಗ್ಗೆ ಆ ದೇಶದ ಸೈನ್ಯ ವಿಮಾನ ನಿಲ್ದಾಣ ಮುಚ್ಚಿತು.

ಅವಳು ಸೂಟ್‌ಕೇಸ್ ಎಳೆದುಕೊಂಡು ಸೀದಾ ಆಫೀಸಿಗೆ ಬಂದು ಕುರ್ಚಿಯಲ್ಲಿ ಕೂತಳು. ಸೂಟ್‌ಕೇಸಿನಲ್ಲಿ ಅಕ್ಕನಿಗಾಗಿ ಓದುವ ಕನ್ನಡಕ, ಮೂರು ಜೊತೆ ಉಣ್ಣೆ ಕಾಲುಚೀಲ, ಒಂದು ಚೀಲದ ತುಂಬ ಬಟ್ಟೆ ಒಣಗಿಸುವ ಕ್ಲಿಪ್ಪು. ಅಲ್ಲಿ ಕ್ಲಿಪ್ಪು ಸಿಗುವುದಿಲ್ಲ, ಗಾಳಿಗೆ ಮಕ್ಕಳ ಬಟ್ಟೆಯೆಲ್ಲ ಹಾರಿಹೋಗುತ್ತದೆ ಎಂದು ಅಕ್ಕ ಹೇಳಿದ್ದರಂತೆ.

ಫೋನಿನಲ್ಲಿ ಅಕ್ಕನೇ ಸಮಾಧಾನ ಮಾಡಿದರು. "ಮುಚ್ಚಿದ ಬಾಗಿಲು ಒಂದಲ್ಲ ಒಂದು ದಿನ ತೆಗೀಲೇಬೇಕಲ್ಲೇ. ಅಳಬೇಡ."

ಬಾಗಿಲು ತೆಗೆಯಲಿಲ್ಲ. ವಿಮಾನದಲ್ಲಿ ಬರುತ್ತಿದ್ದ ಔಷಧಿಯೂ ನಿಂತಿತು. ನಾಲ್ಕು ದಿನಕ್ಕೆ ಅಕ್ಕನಿಗೆ ಜ್ವರ ಬಂತು. ಸೊಳ್ಳೆ ಜ್ವರ, ಬೇರೆ ಯಾವಾಗಲಾದರೂ ಆಗಿದ್ದರೆ ಗುಳಿಗೆಗೆ ಇಳಿಯುವಂಥದ್ದು. ಇದ್ದ ಗುಳಿಗೆಗಳನ್ನು ಅವರು ಬಾಣಂತಿಯರಿಗೆ ಕೊಟ್ಟು ಮುಗಿಸಿದ್ದರು. ಗುಂಡಿಗೂ ಅಲ್ಲ, ಬೆಂಕಿಗೂ ಅಲ್ಲ, ಇಪ್ಪತ್ತೇಳನೇ ತಾರೀಖು ಆ ಜ್ವರಕ್ಕೇ ಅಕ್ಕ ಹೋದರು.

ಅವಳು ಲ್ಯಾಬಿನಿಂದ ಹಾಗೇ ಎದ್ದು ಬಂದಳು. ಕೈಗೆಲ್ಲ ಬಿಳಿ ಪ್ಲಾಸ್ಟರ್ ಮೆತ್ತಿಕೊಂಡಿತ್ತು. ಕೌಂಟರಿನ ಮುಂದೆ ನಿಂತು, "ಅಕ್ಕ ಇಲ್ವಂತೆ," ಎಂದಳು. "ಅಲ್ಲೇ ಮಣ್ಣು ಮಾಡ್ತಾರಂತೆ. ನಾನು ಹೋಗೋಕಾಗಲ್ವಾ? ಬೇರೆ ದಾರಿ ಇಲ್ವಾ? ರಸ್ತೆ? ಹಡಗು?"

ನನಗೆ ಎಲ್ಲ ದಾರಿಗಳೂ ಗೊತ್ತಿದ್ದವು. ಯಾವುದೂ ತೆರೆದಿರಲಿಲ್ಲ.

ಆ ಮೇಲಿನ ಒಂದೂವರೆ ತಿಂಗಳು ಪ್ರತಿ ಸಂಜೆ ಅವಳ ಮನೆಗೆ ಹೋದೆ. ಎರಡು ಕೋಣೆಯ ಮನೆ. ನಾನು ಪಾತ್ರೆ ತೊಳೆಯುತ್ತಿದ್ದೆ, ಅವಳು ಒರೆಸಿಡುತ್ತಿದ್ದಳು. ಕೆಲವು ದಿನ ಒಂದೇ ತಟ್ಟೆಯನ್ನು ಒರೆಸುತ್ತ ನಿಂತುಬಿಡುತ್ತಿದ್ದಳು. ಆಗ ಮೆಲ್ಲಗೆ ತಟ್ಟೆ ಬಿಡಿಸಿಕೊಂಡು ಅವಳನ್ನು ಕೂರಿಸುತ್ತಿದ್ದೆ.

"ನೀನು ಇಲ್ದೇ ಇದ್ದಿದ್ರೆ ನಾನು ಏನಾಗ್ತಿದ್ದೆನೋ," ಎಂದಳು ಒಂದು ಸಂಜೆ. ಅವಳ ಕೈ ನನ್ನ ಕೈಯೊಳಗಿತ್ತು. "ಮದುವೆ ಆಗೋಣ್ವಾ? ಅಕ್ಕನಿಗೂ ನೀನು ಹಿಡಿಸಿದ್ದೆ. ನಂಗೆ ಈಗ ನಂಬೋಕೆ ಅಂತ ಇರೋದು ನೀನೊಬ್ಬನೇ."

ದೊಡ್ಡಪ್ಪ ಮೊದಲೇ ಹೇಳಿದ್ದರು: "ಬಾಯಿ ಬಿಡಬೇಡ. ಹೋದ ಜೀವ ಬರಲ್ಲ, ಇರೋ ಜೀವ ಯಾಕೆ ಸುಡ್ತೀಯ." ಅವರ ಮಾತು ಕೇಳಬೇಕೆಂದು ನನಗೂ ಆಸೆಯಿತ್ತು. ಆದರೆ 'ನಂಬೋಕೆ' ಎಂಬ ಆ ಮಾತು ಕೇಳಿದ ಮೇಲೆ ಕೈ ಹಿಡಿದುಕೊಂಡು ಕೂರಲಾಗಲಿಲ್ಲ.

ಹೇಳಿಬಿಟ್ಟೆ. ಸೋಮವಾರದಿಂದ ಹಿಡಿದು ಹನ್ನೊಂದನೇ ದಿನದವರೆಗೆ, ಒಂದೂ ಬಿಡದೆ.

ಅವಳು ಕೈ ಬಿಡಿಸಿಕೊಂಡಳು. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಹಾಳೆ ಹಿಂದಕ್ಕೆ ಮಗುಚಿದಳು.

"ಅವತ್ತೇ ಕಳಿಸಿದ್ರೆ ಎಂಟನೇ ತಾರೀಖು ಹೋಗ್ತಿದ್ದೆ."

"ಹೂಂ."

"ಹದಿನೆಂಟಕ್ಕೆ ವಾಪಸ್ ಬಂದಿರ್ತಿದ್ದೆ. ನಂಗೆ ಏನೂ ಆಗ್ತಿರಲಿಲ್ಲ."

"ಇಲ್ಲ."

"ಹತ್ತು ದಿನ ಅವಳ ಜೊತೆ ಇರ್ತಿದ್ದೆ."

ಹಾಳೆ ಬಿಟ್ಟು ನನ್ನ ಕಡೆ ತಿರುಗಿದಳು.

"ಯಾಕೆ?"

"ಭಯ ಆಯ್ತು. ನೀನು ವಾಪಸ್ ಬರದೇ ಹೋದ್ರೆ ಅಂತ."

"ಅದನ್ನ ನನ್ನ ಹತ್ರ ಹೇಳ್ಬಹುದಿತ್ತಲ್ಲ!" ಅವಳ ದನಿ ಮೊದಲ ಸಲ ಏರಿತು. "ಭಯ ಆಗ್ತಿದೆ, ಹೋಗ್ಬೇಡ ಅಂತ ಒಂದು ಮಾತು. ನಾನು ಜಗಳ ಆಡ್ತಿದ್ದೆ. ಜಗಳ ಆಡಿ ಹೋಗ್ತಿದ್ದೆ. ನೀವು ಇಲ್ಲಿ ಹೆದರಿಕೊಂಡು ಕಾಯ್ತಿದ್ರಿ, ನಾನು ಬರ್ತಿದ್ದೆ. ಅಷ್ಟೇ ತಾನೇ ಆಗ್ತಿದ್ದಿದ್ದು!"

ನೀವು ಎಂದಳು. ಬಾಗಿಲು ತೆಗೆದು ಹಿಡಿದುಕೊಂಡಳು. ನಾನು ಚಪ್ಪಲಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲಿಳಿದೆ.

ಐದು ತಿಂಗಳು ಅವಳು ನಮ್ಮ ರಸ್ತೆಯಲ್ಲೇ ನಡೆಯಲಿಲ್ಲ. ಸುತ್ತು ಬಳಸಿ ಲ್ಯಾಬಿಗೆ ಹೋಗುತ್ತಿದ್ದಾಳೆ ಎಂದು ದೊಡ್ಡಪ್ಪ ಹೇಳಿದರು. ನಾನು ದಿನಾ ಬೆಳಗ್ಗೆ ಆ ದೇಶದ ಸುದ್ದಿ ಓದುತ್ತಿದ್ದೆ. ಅಲ್ಲಿ ನನಗೆ ಬೇಕಾದವರು ಯಾರೂ ಉಳಿದಿರಲಿಲ್ಲ, ಆದರೂ ಓದುತ್ತಿದ್ದೆ.

ವಿಮಾನಗಳು ಮತ್ತೆ ಶುರುವಾದ ವಾರ ಅವಳು ಒಳಗೆ ಬಂದಳು. ಸೊರಗಿದ್ದಳು. ಹೊಸ ಕಾಗದಗಳ ಲಕೋಟೆಯೊಂದನ್ನು ಕೌಂಟರಿನ ಮೇಲಿಟ್ಟಳು.

"ಬೇರೆ ಏಜೆಂಟ್ ಹತ್ರ ಹೋಗಿದ್ದೆ. ಆ ದೇಶಕ್ಕೆ ಮಾಡಲ್ಲ ಅಂದ್ರು. ನೀವು ಮಾಡ್ತೀರಾ?"

"ಮಾಡ್ತೀನಿ."

"ಯಾವಾಗ?"

ಆಫೀಸನ್ನು ದೊಡ್ಡಪ್ಪನಿಗೆ ಬಿಟ್ಟು ಆಗಲೇ ಎದ್ದೆ. ಕೊರಿಯರ್ ಆಫೀಸಿಗೆ ಇಬ್ಬರೂ ಹೋದೆವು, ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟುಕೊಂಡು. ರಸೀದಿಯನ್ನು ಅವಳ ಕೈಗೇ ಕೊಡಿಸಿದೆ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಬರಲೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವಳೇ ಫೋನ್ ಮಾಡಿ ಕರೆದಳು. ಗಾಜಿನ ಬಾಗಿಲಿನ ಹೊರಗೆ, ಟ್ರಾಲಿಗಳ ಗದ್ದಲದ ನಡುವೆ ನಿಂತೆವು.

"ನಿಮ್ಮನ್ನ ದ್ವೇಷ ಮಾಡೋಕೆ ತುಂಬಾ ಟ್ರೈ ಮಾಡಿದೆ," ಎಂದಳು. "ಆಗ್ಲಿಲ್ಲ. ಈಗಲೂ ನಿಮ್ಮನ್ನ ಕಂಡ್ರೆ ಇಷ್ಟಾನೇ. ಸುಳ್ಳು ಯಾಕೆ ಹೇಳ್ಲಿ."

"ನಂಗೂ..."

"ಗೊತ್ತು. ಆದ್ರೆ ನಿಮ್ಮ ಜೊತೆ ಸಂಸಾರ ಮಾಡೋಕಾಗಲ್ಲ. ಇವತ್ತು ಬರೋದು ಲೇಟಾಗತ್ತೆ ಅಂತ ನೀವಂದ್ರೆ ಸಾಕು, ಏನು ಮುಚ್ಚಿಡ್ತಿದಾರೋ ಅಂತ ನನ್ನ ಜೀವ ಹೊಡ್ಕೊಳ್ಳತ್ತೆ. ಹಾಗೆ ಬದುಕೋದು ಇಬ್ಬರಿಗೂ ಬೇಡ."

"ನನಗೆ ಈಗ ಭಯ ಆಗ್ತಿದೆ," ಎಂದೆ. "ನೀವು ಹೋಗೋದಕ್ಕೆ. ಹೇಳಬೇಕು ಅನ್ನಿಸ್ತು, ಹೇಳಿದೆ. ಹೋಗಿಬನ್ನಿ."

ಅವಳು ಹತ್ತಿರ ಬಂದಳು. ಬೆರಳ ತುದಿಯಿಂದ ನನ್ನ ಕೆನ್ನೆಯ ನೀರೊರೆಸಿ, ಆ ಬೆರಳುಗಳನ್ನು ಮಡಚಿಕೊಂಡು ಒಳಗೆ ಹೋದಳು.

ಮೂರು ದಿನದ ಮೇಲೆ ಫೋನಿಗೆ ಅವಳ ಮೆಸೇಜು ಬಂತು.

"ಅಕ್ಕನ ಸಮಾಧಿ ಆಸ್ಪತ್ರೆ ಹಿಂದೆ, ಗೋಡೆ ಪಕ್ಕದಲ್ಲೇ ಇದೆ. ಅವಳ ರೂಮು ಹಾಗೇ ಇಟ್ಟಿದಾರೆ. ರೂಮಲ್ಲಿ ಎರಡು ಮಂಚ. ಒಂದು ನಾನು ಬರ್ತೀನಿ ಅಂತ ಅವಳು ಬೇರೆ ವಾರ್ಡಿಂದ ತರಿಸಿದ್ದಂತೆ. ಹೊಸ ಚಾದರಾನೂ ಅವಳೇ ಹಾಸಿಟ್ಟಿದ್ದು. ಯಾರೂ ಮಲಗಿರಲಿಲ್ಲ. ನೆನ್ನೆಯಿಂದ ನಾನು ಅದರಲ್ಲಿ ಮಲಗ್ತಿದೀನಿ."

ಆಮೇಲೆ ಇನ್ನೊಂದು ಬಂತು: "ರಿಟರ್ನ್ ಡೇಟ್ ಬದಲಾಯಿಸ್ಬೇಕು. ಆಗತ್ತಾ?"

ಯಾಕೆ ಎಂದು ಕೇಳಲಿಲ್ಲ. ಅಲ್ಲಿಯ ಸುದ್ದಿ ಅವತ್ತು ಚೆನ್ನಾಗಿರಲಿಲ್ಲ. ಅದನ್ನು ಇದ್ದಂತೆ ಬರೆದು ತಿಳಿಸಿದೆ. ಎಷ್ಟನೇ ತಾರೀಖಿಗೆ ಮಾಡಲಿ ಎಂದು ಕೇಳಿದೆ.

"ಸುದ್ದಿ ಓದಿದೆ. ತಾರೀಖು ಗೊತ್ತಿಲ್ಲ. ಓಪನ್ ಇಡಿ," ಎಂದಳು.

ಕುರ್ಚಿ ಮುಂದಕ್ಕೆಳೆದುಕೊಂಡು ಕೂತು, ಆ ನಿಮಿಷವೇ, ಓಪನ್ ಇಟ್ಟೆ.