ನಾಲ್ಕು ತಿಂಗಳು ನೀರಿಲ್ಲ

"ಈ ಸಾಲು ಬರೆದವರು ನೀವೇನಾ?"

ಕಾಗದದ ಕಟ್ಟೊಂದು ಅವನ ಮೇಜಿನ ಮೇಲೆ ಧೊಪ್ಪೆಂದು ಬಿತ್ತು. ಪ್ರವಾಸೋದ್ಯಮ ಇಲಾಖೆಗೆ ಜಾಹೀರಾತು ಬರಹಗಾರನಾಗಿ ಸೇರಿ ಅವನಿಗಿನ್ನೂ ಒಂಬತ್ತು ದಿನ. ಎದುರಿಗೆ ನಿಂತವಳು ದೂರು ವಿಭಾಗದ ಮುಖ್ಯಸ್ಥೆ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಕರೆಯುತ್ತಿದ್ದುದು 'ದೂರಮ್ಮ' ಎಂದು.

"ಯಾವ ಸಾಲು?"

"'ವರ್ಷವಿಡೀ ತುಂಬಿ ತುಳುಕುವ ಸರೋವರ.' ಇನ್ನೂರ ಹನ್ನೊಂದು ವಿದೇಶಿಯರು ದೂರು ಬರೆದಿದ್ದಾರೆ. ದೋಣಿಯಲ್ಲಿ ಸುತ್ತಾಡೋಣ ಅಂತ ಹೋದ್ರೆ, ಸರೋವರದ ನಡುಮಧ್ಯೆ ಹುಡುಗರು ಚೆಂಡಾಡ್ತಿದ್ರಂತೆ!"

"ಮೊದಲು ಬರೆದದ್ದು ನಾನಲ್ಲ..." ಅವನು ಕತ್ತೆತ್ತಿ ನೋಡಿದ. "ಆದ್ರೆ ನಿನ್ನೆ ಅದೇ ಸಾಲನ್ನ ಹೊಸ ಕೈಪಿಡಿಗೆ ಇಳಿಸಿದ್ದು ನಾನೇ. ಸರೋವರ ನೋಡದೇನೇ. ತಪ್ಪಾಯ್ತು."

ಬೈಯಲು ಸಜ್ಜಾಗಿ ಬಂದವಳು ಕುರ್ಚಿ ಎಳೆದುಕೊಂಡು ಕೂತಳು. ತಪ್ಪನ್ನು ಇಷ್ಟು ಸಲೀಸಾಗಿ ಒಪ್ಪಿಕೊಂಡವರನ್ನು ಆ ಕಟ್ಟಡದಲ್ಲಿ ಅವಳು ಕಂಡಿರಲಿಲ್ಲ!

"ಹಾಗಾದ್ರೆ ನಾಳೆ ಹೋಗಿ ನೋಡೋಣ" ಎಂದಳು.

ಹಾಗೆ ಶುರುವಾದದ್ದು ಒಂದು ವರ್ಷ ನಡೆಯಿತು. ಮೂವತ್ತೆಂಟು ಊರು ಸುತ್ತಿದರು. ಎಲ್ಲಿ ಮೆಟ್ಟಿಲು ಕಡಿದು, ಯಾವ ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಯಾವ ತಿಂಗಳು ಯಾವ ನದಿ ಬತ್ತುತ್ತದೆ... ಎಲ್ಲವನ್ನೂ ಹೊಸ ಕೈಪಿಡಿಗಾಗಿ ಬರೆದುಕೊಂಡರು. 'ನಾಲ್ಕು ತಿಂಗಳು ನೀರಿಲ್ಲ' ಎಂದು ಹೇಳಿಕೊಳ್ಳುವ ದೇಶವನ್ನು ಜನ ಹೆಚ್ಚು ನಂಬುತ್ತಾರೆ ಎಂಬುದು ಅವರ ವಾದ.

ಒಂದು ಸಂಜೆ ಬಸ್ಸಿನಲ್ಲಿ ಅವನು ಮೆಲ್ಲಗೆ ಕೇಳಿದ. "ನನ್ನ ಮೇಲೆ ದೂರೇನಾದ್ರೂ ಇದೆಯಾ?"

"ಇದೆ. ಬಸ್ಸಲ್ಲಿ ಗೊರಕೆ ಹೊಡೀತೀಯ."

"ಕೈಪಿಡಿಯಲ್ಲಿ ಹಾಕೋಣ?"

"ಬೇಡ. ಅದು ನನಗೊಬ್ಬಳಿಗೇ ಗೊತ್ತಿದ್ರೆ ಸಾಕು."

ಅವನು ನಗಲಿಲ್ಲ. ಅವಳ ಬೆರಳುಗಳನ್ನು ಹಿಡಿದುಕೊಂಡ, ಅಷ್ಟೇ.

ಅವಳದೊಂದು ಕಟ್ಟುನಿಟ್ಟಿನ ನಿಯಮವಿತ್ತು. "ಕಚೇರಿ ವಿಷಯ ಫೋನಲ್ಲಿ ಬೇಡ. ಏನಿದ್ರೂ ಕಡತದಲ್ಲಿ ಬರಲಿ. ಇಲ್ಲಾಂದ್ರೆ ಇಬ್ಬರೂ ಸೇರ್ಕೊಂಡು ಏನೋ ಮಾಡಿದ್ರು ಅಂತಾರೆ." ಅವನು ಒಪ್ಪಿದ. ಇಲಾಖೆಗೂ ಒಂದು ಪದ್ಧತಿಯಿತ್ತು. ಅಚ್ಚಿಗೆ ಹೋಗುವ ಕರಡು ಮೊದಲು ದೂರು ವಿಭಾಗಕ್ಕೆ ಬರಬೇಕು. ಮೂರು ದಿನ ಉತ್ತರ ಬಾರದಿದ್ದರೆ ಗುಮಾಸ್ತ 'ಆಕ್ಷೇಪಣೆ ಇಲ್ಲ' ಎಂದು ಆ ವಿಭಾಗದ ಮೊಹರು ಒತ್ತುತ್ತಿದ್ದ.

ಅವನು ಪ್ರವಾಸ ಮೇಳದ ಮಳಿಗೆ ಸಿದ್ಧಪಡಿಸಲು ಬೇರೆ ದೇಶಕ್ಕೆ ಹೊರಟ ದಿನವೇ ಅವಳಿಗೆ ತವರಿನಿಂದ ಕರೆ ಬಂತು. ಅಪ್ಪ ಕುಸಿದುಬಿದ್ದಿದ್ದರು. 'ಹೇಳಿದರೆ ಅರ್ಧದಲ್ಲೇ ಓಡಿ ಬರುತ್ತಾನೆ' ಎಂದು ಅವನಿಗೆ ತಿಳಿಸಲಿಲ್ಲ. ಎರಡನೇ ದಿನ ಅಪ್ಪ ಹೋದರು. ಫೋನ್ ಎತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಎದುರಿಗೆ ಸಿಕ್ಕಾಗ ಹೇಳೋಣ ಅಂದುಕೊಂಡಳು.

ಹತ್ತನೇ ದಿನ ಕಚೇರಿಗೆ ಮರಳಿದಾಗ ಹೊಸ ಕೈಪಿಡಿ ಮೇಜಿನ ಮೇಲಿತ್ತು. ಹದಿನಾಲ್ಕು ಭಾಷೆಗಳಲ್ಲಿ ಅದೇ ತುಂಬಿ ತುಳುಕುವ ಸರೋವರ! ಕೊನೆಯ ಪುಟದಲ್ಲಿ ಬರಹಗಾರನೆಂದು ಅವನ ಹೆಸರು.

'ತನ್ನನ್ನೇ ಮಾರಿಕೊಂಡುಬಿಟ್ಟ... ಒಂದು ವರ್ಷ ನನ್ನ ಜೊತೆ ನಾಟಕ ಆಡಿದ!'

ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಅವನೂ ಹುಡುಕಿಕೊಂಡು ಬರಲಿಲ್ಲ. ಮೇಳದಿಂದ ಹಿಂದಿರುಗಿದವನು ಕಡತ ತರಿಸಿ ನೋಡಿ, ಆ ದಿನವೇ ರಾಜೀನಾಮೆ ಎಸೆದು ಹೋದನಂತೆ.

ಹನ್ನೊಂದು ತಿಂಗಳಾದ ಮೇಲೆ ಇಲಾಖೆಯ ನಿರ್ದೇಶಕರು ಅವಳನ್ನು ಕರೆದರು.

"ಸರೋವರದ ಬಗ್ಗೆ ಎರಡು ತಿಂಗಳಿಂದ ಒಂದೂ ದೂರಿಲ್ಲ, ನೋಡಿದಿರಾ? ಜನ ಅಲ್ಲಿ ಇಳಿದ್ರೆ ತಾನೇ! ಯಾರೋ ಗೈಡ್ ಬಸ್ ನಿಲ್ದಾಣದಲ್ಲಿ 'ನೀರಿಲ್ಲ' ಅಂತ ಹಲಗೆ ಇಟ್ಟಿದ್ದಾನೆ. ಈ ಆದೇಶ ಕೊಟ್ಟು ಅಳಿಸಿ ಬನ್ನಿ. ಇಲ್ಲಾಂದ್ರೆ ನಿಮ್ಮ ವಿಭಾಗ ಇರಲ್ಲ."

ನಿಲ್ದಾಣದಲ್ಲಿ ಬಸ್ಸಿಳಿದಾಗಲೇ ಅಕ್ಷರದ ಗುರುತು ಹತ್ತಿತು. ಐದು ಭಾಷೆಗಳಲ್ಲಿ ಸೀಮೆಸುಣ್ಣದ ಸಾಲುಗಳು. 'ಇಂದು ಸರೋವರದಲ್ಲಿ ನೀರಿಲ್ಲ. ಬೆಟ್ಟಕ್ಕೆ ಮುನ್ನೂರ ನಲವತ್ತು ಮೆಟ್ಟಿಲು. ನಾಲ್ಕು ಗಂಟೆಯ ನಂತರ ನೆರಳು.'

ಹಲಗೆಯ ಪಕ್ಕದಲ್ಲಿ ಅವನೇ ಇದ್ದ. ಸೊರಗಿದ್ದ.

"ಬಂದ್ಯಾ..." ಎಂದವನು ಸಾವರಿಸಿಕೊಂಡು, "ಬಂದಿರಾ ಮೇಡಂ. ಈ ಸಲ ಆಕ್ಷೇಪಣೆ ಇದೆಯೋ?" ಎಂದ.

"ಯಾವ ಸಲ ಇರಲಿಲ್ಲ?"

"ಹೊರಡೋ ದಿನ ನಿರ್ದೇಶಕರು ನಮ್ಮ ಸಾಲು ಹೊಡೆದುಹಾಕಿ ಹಳೇದನ್ನೇ ಸೇರಿಸಿದ್ರು. ಜಗಳ ಆಡಿದೆ, ಕೇಳ್ಲಿಲ್ಲ. ಕರಡಿನ ಮೇಲೇ 'ದಯವಿಟ್ಟು ತಡೆಯಿರಿ' ಅಂತ ಬರೆದು ನಿನ್ನ ವಿಭಾಗಕ್ಕೆ ಕಳಿಸಿದೆ. ನೀನು ತಡೀತೀಯ ಅಂತ ನಂಬಿ ವಿಮಾನ ಹತ್ತಿದೆ. ವಾಪಸ್ ಬಂದು ನೋಡಿದ್ರೆ ನಿನ್ನ ಮೊಹರು! ಹೋಗ್ಲಿ ಬಿಡು. ಅಪ್ಪ ಹೇಗಿದ್ದಾರೆ?"

ಅವಳು ಬೆಂಚಿನ ಮೇಲೆ ಕೂತಳು.

"ಇಲ್ಲ. ನೀನು ಹೊರಟ ಎರಡನೇ ದಿನಾನೇ ಹೋದ್ರು. ಹತ್ತು ದಿನ ನಾನು ಕಚೇರೀಲೇ ಇರಲಿಲ್ಲ. ಆ ಕರಡನ್ನ ನಾನು ಕಣ್ಣಲ್ಲೂ ನೋಡಿಲ್ಲ ಕಣೋ..."

ಅವನು ಸೀಮೆಸುಣ್ಣ ಕೆಳಗಿಟ್ಟು ಅವಳ ಎದುರು ಕುಕ್ಕರಿಸಿದ.

"ಒಂದು ಫೋನ್ ಮಾಡ್ಬಾರದಿತ್ತಾ?" ಅವಳು ಕೇಳಿದಳು.

"ಬೇಡ ಅಂದಿದ್ದು ನೀನೇ. ನೀನಾದ್ರೂ ಮಾಡ್ಬಹುದಿತ್ತು. ಕಚೇರಿ ವಿಷಯಕ್ಕಲ್ಲ... ಅಪ್ಪನಿಗೋಸ್ಕರ."

ಒಂದು ಮೊಹರನ್ನು ಅವನು ನಂಬಿದ್ದ, ಅಚ್ಚಾದ ಒಂದು ಹೆಸರನ್ನು ಅವಳು ನಂಬಿದ್ದಳು. ಒಬ್ಬರನ್ನೊಬ್ಬರು ಮಾತ್ರ ನಂಬಲಿಲ್ಲ. ಹನ್ನೊಂದು ತಿಂಗಳನ್ನು ಯಾವ ನಿರ್ದೇಶಕರೂ ಕಿತ್ತುಕೊಂಡಿರಲಿಲ್ಲ... ಅವರೇ ಕೈಯಾರೆ ಚೆಲ್ಲಿದ್ದರು.

ಅವಳು ಆದೇಶದ ಕಾಗದ ಮುಂದೆ ಹಿಡಿದಳು. ಅವನು ಓದಿ, ಹಲಗೆಯ ಮೇಲಿನ ಒಂದೊಂದೇ ಸಾಲನ್ನು ತೋಳಿನಿಂದ ಒರೆಸಿದ. ಕೊನೆಗೆ ಕಪ್ಪಷ್ಟೇ ಉಳಿಯಿತು.

"ಆಯ್ತು. ನಿನ್ನ ಕೆಲಸ ಉಳೀತು."

ಅಷ್ಟರಲ್ಲಿ ವಿದೇಶಿಯರ ಬಸ್ಸೊಂದು ಬಂದು ನಿಂತಿತು. ಕೈಪಿಡಿ ಹಿಡಿದ ವೃದ್ಧೆಯೊಬ್ಬರು ಸರೋವರ ಎಲ್ಲಿ ಎಂದು ಕೇಳಿದರು. ದೂರಮ್ಮ ಎದ್ದು ಬಸ್ಸಿನ ಬಾಗಿಲಿಗೆ ಹೋದಳು.

"ನಾನು ಇಲಾಖೆಯವಳು. ಕೈಪಿಡಿಯ ಆ ಸಾಲು ಸುಳ್ಳು. ಈಗ ನೀರಿಲ್ಲ, ಕ್ಷಮಿಸಿ. ಬೆಟ್ಟ ಹತ್ತುವುದಾದರೆ ಇಳಿಯಿರಿ" ಎಂದು ಅವರ ಭಾಷೆಯಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು. ಐದು ಜನ ಇಳಿದು ಬೆಟ್ಟದ ಕಡೆ ನಡೆದರು. ಉಳಿದವರನ್ನು ಹೊತ್ತು ಬಸ್ಸು ಹೋಯಿತು.

"ಏನು ಮಾಡಿದೆ ನೀನು! ಯಾರಾದ್ರೂ ದೂರು ಬರೆದು ಹಾಕಿದ್ರೆ ಕೆಲಸ ಹೋಗುತ್ತೆ ಕಣೇ."

"ಗೊತ್ತು. ಭಯ ಆಗ್ತಿದೆ."

"ನನ್ನ ಮೇಲೆ ಇನ್ನೂ ಕೋಪ ಇದೆಯಾ?"

"ಇದೆ. ನನ್ನ ಮೇಲೂ ಇದೆ. ಆದ್ರೆ ನಿನ್ನನ್ನ ಪ್ರೀತಿಸೋದು ಒಂದು ದಿನಾನೂ ನಿಂತಿರಲಿಲ್ಲ... ಅದೇ ಹೊಟ್ಟೆ ಉರಿಸ್ತಿತ್ತು."

"ನಂಗೂ ಅಷ್ಟೇ." ಅವನು ಬೆಂಚಿನ ಮೇಲೆ ಕೂತ. "ಅಪ್ಪನ ಬಗ್ಗೆ ಹೇಳು. ಕೊನೇಲಿ ಏನಂದ್ರು?"

"ಉದ್ದದ ಕಥೆ. ಅಳು ಬರುತ್ತೆ."

"ಬರಲಿ. ಮುಂದಿನ ಬಸ್ಸು ಐದು ಗಂಟೆಗೆ."